03/04/2024 ಅಂದರೆ ಯಾವ ದಿನ?

“ಎರರ್ ತೋರಿಸೋದಕ್ಕಿಂತ ಏನಾದರೊಂದು ಉತ್ತರ ಕೊಡೋದು ಮೇಲಲ್ವಾ?”

ಈ ವಾರದ ಚರ್ಚೆಯಲ್ಲಿ ಬಂದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ವಿಷಯ ಇಷ್ಟೇ: ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಓಡುವ, ನಾವು ಮಾಡುತ್ತಿರುವ ಒಂದು ಪುಟ್ಟ ಗಡಿಯಾರದ ಟೂಲ್. ದಿನಾಂಕ, ಸಮಯ ಕೊಟ್ಟರೆ ಬೇರೆ ಟೈಮ್‌ಝೋನ್‌ಗಳಲ್ಲಿ ಆಗ ಎಷ್ಟು ಗಂಟೆ, ಅದಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಹೇಳುತ್ತದೆ. ದಿನಾಂಕವನ್ನು ಯಾವ ಯಾವ ರೂಪದಲ್ಲಿ ಕೊಟ್ಟರೆ ಒಪ್ಪಬೇಕು ಅನ್ನುವುದು ಪ್ರಶ್ನೆ. ಆ ಮಾತು ಆಡಿದ ನನ್ನ ಸಹೋದ್ಯೋಗಿ ಅನುಭವಿ, ಬಳಸುವವರ ಬಗ್ಗೆ ನಿಜವಾದ ಕಾಳಜಿ ಇರುವವರು. ಸೋಮಾರಿತನದಿಂದ ಬಂದ ಸಲಹೆಯಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು.

03/04/2024 ತೆಗೆದುಕೊಳ್ಳಿ. ದಿನ ಮೊದಲು ಬರೆಯುವವರಿಗೆ ಅದು ಏಪ್ರಿಲ್ 3, ತಿಂಗಳು ಮೊದಲು ಬರೆಯುವವರಿಗೆ ಮಾರ್ಚ್ 4. ದಿನವೂ ತಿಂಗಳೂ 12ರೊಳಗಿದ್ದರೆ ಎರಡೂ ಓದು ಸರಿಯೇ. ಅಂಥವು ವರ್ಷಕ್ಕೆ 144. ಅದರಲ್ಲಿ 05/05 ತರಹದ 12ನ್ನು ಬಿಟ್ಟರೆ, 132 ದಿನಾಂಕಗಳು ಸದ್ದಿಲ್ಲದೆ ತಪ್ಪಾಗಬಲ್ಲವು. ಟೆಸ್ಟ್ ಬರೆಯುವಾಗ ಯಾರಾದರೂ 25/12 ಅಂತ ಹಾಕುತ್ತಾರೆ, ಟೆಸ್ಟ್ ಪಾಸಾಗುತ್ತದೆ, ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ‘ಮೊದಲ ಸಂಖ್ಯೆ 12 ದಾಟಿದರೆ ದಿನ, ಇಲ್ಲದಿದ್ದರೆ ತಿಂಗಳು’ ಎಂಬ ಉಪಾಯ ಇನ್ನೂ ಕೆಟ್ಟದ್ದು. ಒಂದೇ ಫೈಲಿನಲ್ಲಿ 12/04/2024 ಡಿಸೆಂಬರ್ 4 ಆಗುತ್ತದೆ, ಅದರ ಮರುದಿನದ 13/04/2024 ಏಪ್ರಿಲ್ 13 ಆಗುತ್ತದೆ. ಹೀಗೆ ಬಂದದ್ದನ್ನು ಉತ್ತರ ಅನ್ನಲಿಕ್ಕೆ ನಾನು ಒಪ್ಪುವುದಿಲ್ಲ.

ಏನು ಕೊಟ್ಟರೂ ನುಂಗುವ ಟೂಲ್‌ಗಳು ಹೇಗಿರುತ್ತವೆ ಅಂತ ನೋಡಲು ದೂರ ಹೋಗಬೇಕಿಲ್ಲ. ಲಿನಕ್ಸಿನಲ್ಲಿ ದಿನಾಂಕ ತೋರಿಸುವ ಗ್ನೂ ‘ಡೇಟ್’ ಆಜ್ಞೆಗೆ ಬರೀ 2024 ಅಂತ ಕೊಟ್ಟರೆ ಅದನ್ನು ವರ್ಷ ಅಂದುಕೊಳ್ಳುವುದಿಲ್ಲ, ಇವತ್ತು ರಾತ್ರಿ 8 ಗಂಟೆ 24 ನಿಮಿಷ ಅಂದುಕೊಳ್ಳುತ್ತದೆ. ಖಾಲಿ ಸ್ಟ್ರಿಂಗ್ (ಒಂದಕ್ಷರವೂ ಇಲ್ಲದ ಪಠ್ಯ) ಕೊಟ್ಟರೆ ಇವತ್ತಿನ ಮಧ್ಯರಾತ್ರಿ. ಸ್ಕ್ರಿಪ್ಟಿನಲ್ಲಿ ವೇರಿಯಬಲ್ ಖಾಲಿ ಉಳಿದಿದ್ದರೂ ಆಜ್ಞೆ ಯಶಸ್ವಿಯಾಗಿಯೇ ಮುಗಿಯುತ್ತದೆ. ಇದಕ್ಕಿಂತ ಅಪಾಯದ್ದು ಸೇರಿಸುವ ಲೆಕ್ಕ. ‘2024-03-04 10:00’ ಬರೆದು, ಅದರ ಮುಂದೆ ಇಂಗ್ಲಿಷಿನಲ್ಲಿ ‘+2 ಡೇಸ್’ ಅಂತ ಹಾಕಿ. ಸಮಯದ ಹಿಂದೆಯೇ ಬಂದ +2 ಅನ್ನು ಪಾರ್ಸರ್ (ಕೊಟ್ಟದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ) ಯುಟಿಸಿಯಿಂದ, ಅಂದರೆ ಜಾಗತಿಕ ಪ್ರಮಾಣ ಸಮಯದಿಂದ, ಎರಡು ಗಂಟೆ ಮುಂದಿರುವ ವಲಯ ಅಂತ ಓದುತ್ತದೆ, ಒಂಟಿಯಾಗಿ ಉಳಿದ ‘ಡೇಸ್’ ಅನ್ನು ಒಂದು ದಿನ ಅಂತ ಎಣಿಸುತ್ತದೆ. ಯುಟಿಸಿಯಲ್ಲಿರುವ ಯಂತ್ರದಲ್ಲಿ ಸಿಗುವುದು ಮಾರ್ಚ್ 5ರ ಬೆಳಿಗ್ಗೆ 8. ಕೇಳಿದ್ದು 6ರ 10 ಗಂಟೆ. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಹೀಗೇ: ‘ಇಂಥ ದಿನದಿಂದ ಈಚೆಗೆ’ ಅನ್ನುವ ‘ಸಿನ್ಸ್’ ಆಯ್ಕೆಗೆ ಅರ್ಥವಿಲ್ಲದ ಪದ ಕೊಟ್ಟರೆ ಅದನ್ನು ‘ಈಗ’ ಅಂದುಕೊಳ್ಳುತ್ತದೆ, ಈಚೆಗಿನ ಕಮಿಟ್ (ದಾಖಲಾದ ಬದಲಾವಣೆ) ಒಂದೂ ಇಲ್ಲ ಎಂಬಂತೆ ಖಾಲಿ ಪಟ್ಟಿ ಬರುತ್ತದೆ.

“ಏನಾದರೊಂದು ಉತ್ತರ.” ಆ ಉತ್ತರವನ್ನು ಓದುವವರು ಯಾರು? ಪರದೆ ಮುಂದೆ ಕೂತ ಮನುಷ್ಯನಾದರೆ ತಪ್ಪನ್ನು ಗುರುತಿಸಬಹುದು. ಆದರೆ ಟರ್ಮಿನಲ್ ಟೂಲ್‌ಗಳನ್ನು ಹೆಚ್ಚು ಕರೆಯುವುದು ಇನ್ನೊಂದು ಸ್ಕ್ರಿಪ್ಟ್. ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ‘ಯಶಸ್ವಿ’ ಅಂತ, ಬಂದರೆ ಅದು ಮುಂದಿನ ಸಾಲಿಗೆ ಹೋಗುತ್ತದೆ, ಹಳೆಯ ಬ್ಯಾಕಪ್ ಅಳಿಸುತ್ತದೆ. ಜೊತೆಗೆ, ಒಮ್ಮೆ ಒಪ್ಪಿದ ರೂಪವನ್ನು ಮುಂದಿನ ಆವೃತ್ತಿಯಲ್ಲಿ ಬೇಡ ಅನ್ನಲಾಗುವುದಿಲ್ಲ. ಅದನ್ನು ನಂಬಿ ಯಾರೋ ಎಲ್ಲೋ ಬರೆದಿರುತ್ತಾರೆ. ಮೊದಲು ನಿರಾಕರಿಸಿದ್ದನ್ನು ಮುಂದೆ ಒಪ್ಪಿಕೊಂಡರೆ ಯಾರದೂ ಮುರಿಯುವುದಿಲ್ಲ. ಆದ್ದರಿಂದ ಶುರುವಿನಲ್ಲಿ ಬಿಗಿಯಾಗಿರಬೇಕು.

ನಮ್ಮ ಬುನಾದಿ, ಇಂಟರ್ನೆಟ್ಟಿನಲ್ಲಿ ದಿನಾಂಕ, ಸಮಯ ಬರೆಯುವ ಕ್ರಮ ಹೇಳುವ 2002ರ ಆರ್‌ಎಫ್‌ಸಿ 3339. ಐಎಸ್‌ಒ 8601 ಎಂಬ ದೊಡ್ಡ ಅಂತರರಾಷ್ಟ್ರೀಯ ಮಾನದಂಡ ಪೂರ್ತಿ ಬೇಡ. ಅದರಲ್ಲಿ ವಾರದ ಲೆಕ್ಕವೂ ಇದೆ, ಅದರ ಪ್ರಕಾರ 2024ರ ಡಿಸೆಂಬರ್ 30 ಸೇರುವುದು 2025ರ ಮೊದಲ ವಾರಕ್ಕೆ. ಗಡಿಯಾರಕ್ಕೆ ಅದರ ಅಗತ್ಯವಿಲ್ಲ. ವರ್ಷ ನಾಲ್ಕಂಕಿ, ತಿಂಗಳು ಮತ್ತು ದಿನ ಎರಡೆರಡು ಅಂಕಿ, ನಡುವೆ ಅಡ್ಡಗೆರೆ. ದಿನಾಂಕ ಮತ್ತು ಸಮಯದ ನಡುವೆ ‘ಟಿ’ ಅಕ್ಷರ ಅಥವಾ ಒಂದು ಸ್ಪೇಸ್. ಸ್ಪೇಸ್ ಓದಲು ಚೆನ್ನ, ಆದರೆ ಉದ್ಧರಣ ಚಿಹ್ನೆ ಮರೆತರೆ ಶೆಲ್ (ಆಜ್ಞೆ ಓದಿ ನಡೆಸುವ ಪ್ರೋಗ್ರಾಂ) ಅದನ್ನು ಎರಡು ಆರ್ಗ್ಯುಮೆಂಟ್, ಅಂದರೆ ಎರಡು ಬಿಡಿ ಮಾಹಿತಿ, ಮಾಡುತ್ತದೆ. ಆಗ ಎರಡನೆಯದನ್ನು ಕಡೆಗಣಿಸದೆ ಎರರ್ ಕೊಡಬೇಕು. ಆರ್‌ಎಫ್‌ಸಿಯಲ್ಲಿ ಸೆಕೆಂಡು ಕಡ್ಡಾಯ, ನಾವು ಅದನ್ನು ಐಚ್ಛಿಕ ಮಾಡಿದ್ದೇವೆ. ಅದರಿಂದ ಗೊಂದಲ ಹುಟ್ಟುವುದಿಲ್ಲ.

ಬರೀ ಸಂಖ್ಯೆ ಕೊಟ್ಟರೆ? 20240102 ಅನ್ನುವುದು ಜನವರಿ 2 ಇರಬಹುದು, ಕಂಪ್ಯೂಟರ್‌ಗಳು 1970ರ ಆರಂಭದಿಂದ ಎಣಿಸುವ ಸೆಕೆಂಡುಗಳೂ ಇರಬಹುದು. ಎರಡನೆಯದಾದರೆ ಅದು 1970ರ ಆಗಸ್ಟ್ 23. ಹಾಗಾಗಿ ಸೆಕೆಂಡು ಲೆಕ್ಕಕ್ಕೆ ಮುಂದೆ @ ಕಡ್ಡಾಯ: @1700000000 ಅಂದರೆ 2023ರ ನವೆಂಬರ್ 14, ಯುಟಿಸಿ 22:13:20. ಇಲ್ಲೇ ಮಿಲಿಸೆಕೆಂಡು ಕೊಟ್ಟರೆ ವರ್ಷ 55 ಸಾವಿರ ದಾಟುತ್ತದೆ. 13 ಅಂಕಿ ಕಂಡ ಕೂಡಲೇ ಸಾವಿರದಿಂದ ಭಾಗಿಸೋಣ ಅಂದರು ಅದೇ ಸಹೋದ್ಯೋಗಿ. ಬೇಡ. ‘ಇದು ಮಿಲಿಸೆಕೆಂಡು ಇದ್ದಂತಿದೆ’ ಅಂತ ಹೇಳಿ ನಿಲ್ಲುವುದು ಸಾಕು.

ಟೈಮ್‌ಝೋನ್ ವಿಚಾರದಲ್ಲಿ ನಾನು ಒಂದಿಂಚೂ ಬಿಟ್ಟುಕೊಡಲಿಲ್ಲ. ಐಎಸ್‌ಟಿ ತರಹದ ಕಿರುಹೆಸರು ಬೇಡವೇ ಬೇಡ: ಅದು ಭಾರತದ್ದೂ ಹೌದು, ಇಸ್ರೇಲಿನದ್ದೂ ಹೌದು, ಐರ್ಲೆಂಡಿನದ್ದೂ ಹೌದು. ಸಿಎಸ್‌ಟಿ ಅಮೆರಿಕಕ್ಕೂ ಚೀನಾಕ್ಕೂ ಸಲ್ಲುತ್ತದೆ, ನಡುವಿನ ಅಂತರ 14 ಗಂಟೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾರ್ಸರ್ ಸ್ಥಳೀಯ ವಲಯದಲ್ಲಿಲ್ಲದ ಇಂಥ ಹೆಸರು ಸಿಕ್ಕರೆ ಹೆಸರನ್ನು ಇಟ್ಟುಕೊಂಡು ಅಂತರವನ್ನು ಸೊನ್ನೆ ಮಾಡುತ್ತದೆ. ಮುದ್ರಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ +05:30 ತರಹದ ಅಂತರ ಬರೆಯಿರಿ, ಇಲ್ಲವೇ ಪ್ರತ್ಯೇಕ ಆಯ್ಕೆಯಲ್ಲಿ ‘ಏಷ್ಯಾ/ಕೋಲ್ಕತ್ತಾ’ ಅಂತ ಪೂರ್ಣ ಹೆಸರು ಕೊಡಿ. ಎರಡೂ ಇಲ್ಲದಿದ್ದರೆ ಯಂತ್ರದ ಸ್ಥಳೀಯ ವಲಯ ಹಿಡಿಯುತ್ತೇವೆ, ಹಿಡಿದದ್ದು ಯಾವುದು ಅಂತ ಉತ್ತರದಲ್ಲೇ ತೋರಿಸುತ್ತೇವೆ.

ಸಮಯವಿಲ್ಲದೆ ಬರೀ ದಿನಾಂಕ ಬಂದರೆ ಏನು ಮಾಡುವುದು ಅನ್ನುವಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾಯಿತು. ಜಾವಾಸ್ಕ್ರಿಪ್ಟ್ ಬರೀ ದಿನಾಂಕವನ್ನು ಯುಟಿಸಿ ಅಂತಲೂ, ಸಮಯ ಸೇರಿಸಿ ವಲಯ ಬಿಟ್ಟರೆ ಸ್ಥಳೀಯ ಅಂತಲೂ ಓದುತ್ತದೆ. ಹಾಗಾಗಿ ಯುಟಿಸಿಗಿಂತ ಹಿಂದಿರುವ ಕಡೆ ದಿನಾಂಕ ಒಂದು ದಿನ ಹಿಂದೆ ಸರಿದು ಕಾಣುತ್ತದೆ. ನಾವು ಎರಡಕ್ಕೂ ಸ್ಥಳೀಯ ಅಂತಲೇ ಇಟ್ಟೆವು. ಅಂದರೆ 00:00 ಗಂಟೆಯೇ? 2018ರ ನವೆಂಬರ್ 4ರಂದು ಬ್ರೆಜಿಲಿನ ಸಾವೊ ಪಾಲೊದಲ್ಲಿ 00:00 ಇರಲೇ ಇಲ್ಲ. ಬೇಸಿಗೆ ಸಮಯ ಶುರುವಾಗಿ ಗಡಿಯಾರ ನೇರ 01:00ಕ್ಕೆ ಹಾರಿತು. ಹಾಗಾಗಿ ‘ಆ ದಿನದ ಮೊದಲ ಕ್ಷಣ’ ಎಂಬುದೇ ನಮ್ಮ ನಿಯಮ. ಸಮೋವಾದ ರಾಜಧಾನಿ ಅಪಿಯಾದಲ್ಲಿ 2011ರ ಡಿಸೆಂಬರ್ 30 ಇಡೀ ದಿನವೇ ಇಲ್ಲ, ಅದಕ್ಕೆ ಎರರ್. ನ್ಯೂಯಾರ್ಕಿನಲ್ಲಿ 2024ರ ಮಾರ್ಚ್ 10ರ 02:30 ಬರಲಿಲ್ಲ, ಅದಕ್ಕೂ ಎರರ್. ಬೇಸಿಗೆ ಸಮಯ ಮುಗಿದು ಅಲ್ಲೇ ನವೆಂಬರ್ 3ರ 01:30 ಎರಡು ಸಲ ಬಂದಿತು. ಅಲ್ಲಿ -04:00 ಅಥವಾ -05:00 ಎರಡರಲ್ಲಿ ಯಾವುದು ಅಂತ ಬಳಸುವವರನ್ನೇ ಕೇಳುತ್ತೇವೆ.

ತಿಂಗಳು ಕಳೆಯುವ ಲೆಕ್ಕವನ್ನು ಕೈಬಿಟ್ಟೆವು. ಮಾರ್ಚ್ 31ರಿಂದ ಒಂದು ತಿಂಗಳು ಹಿಂದೆ ಹೋದರೆ ಫೆಬ್ರುವರಿ 31. ಗ್ನೂ ‘ಡೇಟ್’ 2024ಕ್ಕೆ ಅದನ್ನು ಮಾರ್ಚ್ 2 ಮಾಡುತ್ತದೆ. ಕೂಡಲು, ಕಳೆಯಲು ಗಂಟೆ, ನಿಮಿಷ ಸಾಕು.

ಕನ್ನಡ ಅಂಕಿಗಳ ಮಾತೂ ಬಂತು. ಪೈಥಾನ್ 3ರ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದ ನಮೂನೆ ಹೇಳುವ ಸೂತ್ರದಲ್ಲಿ) ಅಂಕಿಯ ಗುರುತು ಯಾವ ಲಿಪಿಯ ಅಂಕಿಗೂ ಹೊಂದುತ್ತದೆ. ೨೦೨೪-೦೩-೦೪ ಸಲೀಸಾಗಿ ದಾಟುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ದಾಟುವುದಿಲ್ಲ. ಗೊಂದಲವಿಲ್ಲದ ರೂಪ ಇದು, ಒಪ್ಪಲು ಯಾವ ಅಡ್ಡಿಯೂ ಇಲ್ಲ. ಆದರೆ ಲೈಬ್ರರಿಯ ಗುಣದಿಂದ ತಾನಾಗಿ ಒದಗಿದ್ದು ಅನ್ನಿಸಬಾರದು, ನಾವೇ ಬರೆದು ಟೆಸ್ಟ್ ಮಾಡಿದ್ದಾಗಿರಬೇಕು. ಹಾಗೆಯೇ ಸೇರಿಸಿದೆವು.

ನನ್ನ ಸಹೋದ್ಯೋಗಿ ಕೊನೆಗೂ ಪೂರ್ತಿ ಒಪ್ಪಿಲ್ಲ. ಆದರೆ ಎರರ್ ಸಂದೇಶವನ್ನು ಅವರೇ ಬರೆದುಕೊಟ್ಟರು, ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿದೆ: “03/04/2024: ದಿನ ಯಾವುದು, ತಿಂಗಳು ಯಾವುದು ತಿಳಿಯಲಿಲ್ಲ. ಏಪ್ರಿಲ್ 3 ಆದರೆ 2024-04-03, ಮಾರ್ಚ್ 4 ಆದರೆ 2024-03-04 ಎಂದು ಬರೆಯಿರಿ.” ಸಂದೇಶ ತಪ್ಪುಗಳಿಗೇ ಮೀಸಲಾದ ಸ್ಟಾಂಡರ್ಡ್ ಎರರ್‌ಗೆ ಹೋಗುತ್ತದೆ, ಉತ್ತರ ಬರಬೇಕಾದ ಸ್ಟಾಂಡರ್ಡ್ ಔಟ್‌ಪುಟ್ ಖಾಲಿ ಇರುತ್ತದೆ, ಎಕ್ಸಿಟ್ ಕೋಡ್ 2, ಅಂದರೆ ವಿಫಲ.