ಎಂಟು ಅಂಶಗಳ ಮನವಿ

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ತುದಿಯಲ್ಲಿದ್ದ ಸಾಮಿಲ್ಲಿಗೆ ನೀಲಿ ತಗಡಿನ ಬೇಲಿ ಬಿದ್ದ ದಿನ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ಮಿಲ್ಲು ನಿಂತು ಹತ್ತು ಹನ್ನೆರಡು ವರ್ಷಗಳೇ ಆಗಿದ್ದವು. ನಾನು ಹುಡುಗನಾಗಿದ್ದಾಗ ಬಚ್ಚಲ ಹಂಡೆಯ ಒಲೆಗೆ ಬೇಕಾದ ಮರದ ಹೊಟ್ಟನ್ನು ಗೋಣಿಚೀಲದಲ್ಲಿ ಅಲ್ಲಿಂದಲೇ ಹೊತ್ತು ತರುತ್ತಿದ್ದೆ. ಒಲೆಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ಜಡಿದು, ಬಾಟಲಿಯನ್ನು ತಿರುಗಿಸುತ್ತ ಮೆಲ್ಲಗೆ ಮೇಲೆತ್ತಬೇಕು. ಸ್ವಲ್ಪ ಅವಸರ ಮಾಡಿದರೂ ಒಳಗಿನ ಗೂಡು ಕುಸಿದು ಅಮ್ಮನ ಬೈಗುಳ ಕೇಳಬೇಕಾಗುತ್ತಿತ್ತು. ಮಿಲ್ಲಿನ ಬಗ್ಗೆ ನನಗಿದ್ದ ಪ್ರೀತಿ ಇಷ್ಟೇ. ಆದ್ದರಿಂದ ತಗಡಿನ ಮೇಲೆ ದೊಡ್ಡ ಚಿತ್ರಫಲಕ ಬಂದು, ನಾಲ್ಕು ಎಕರೆಯಲ್ಲಿ ಇಪ್ಪತ್ತನಾಲ್ಕು ಮಹಡಿಯ ಮೂರು ಗೋಪುರಗಳು, 360 ಮನೆಗಳು, ಕೆಳಗಿನ ಎರಡು ಅಂತಸ್ತು ಅಂಗಡಿಗಳು, ಅದರ ಮೇಲೆ ಮೂರು ಅಂತಸ್ತು ಕಚೇರಿಗಳು ಎಂದು ಗೊತ್ತಾದಾಗ ನನಗಾದದ್ದು ದುಃಖವಲ್ಲ, ದಿಗಿಲು.

ಆ ದಿಗಿಲು ಒಂದು ವಾರದಲ್ಲಿ ಇಡೀ ರಸ್ತೆಯದಾಯಿತು. ಮೂಲೆಮನೆ ಮೇಷ್ಟ್ರ ನೇತೃತ್ವದಲ್ಲಿ ಒಂದು ಸಮಿತಿ ಹುಟ್ಟಿಕೊಂಡಿತು. ಸಚಿವಾಲಯದಲ್ಲಿ 31 ವರ್ಷ ಕಡತಗಳ ಮೇಲೆ ಟಿಪ್ಪಣಿ ಬರೆದು ನಿವೃತ್ತನಾದವನು ನಾನಾದ್ದರಿಂದ ಮನವಿಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ನಿವೃತ್ತಿಯಾದ ಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆಯುವ ಅವಕಾಶವೇ ಸಿಕ್ಕಿರಲಿಲ್ಲ.

ಮೇಷ್ಟ್ರು ಸಾರ್ವಜನಿಕ ಆಲಿಕೆಯಲ್ಲಿ ಎಲ್ಲರೂ ಎದ್ದು ನಿಂತು ವಿರೋಧಿಸೋಣ ಎಂದಿದ್ದರು. ನಾನು ಕೂತು ಓದಿದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮೋದನೆ ಬೇಕೇ ಬೇಕು. ಆದರೆ ಕಟ್ಟಡ ನಿರ್ಮಾಣ ಮತ್ತು ಟೌನ್‌ಶಿಪ್ ಯೋಜನೆಗಳನ್ನು ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಊರಾಚೆ ಗಣಿ ತೋಡುವವನು ಜನರನ್ನು ಕೇಳಬೇಕು, ಊರೊಳಗೆ ಮುನ್ನೂರರವತ್ತು ಸಂಸಾರ ತಂದು ನಿಲ್ಲಿಸುವವನು ಕೇಳಬೇಕಾಗಿಲ್ಲ. ಈ ಸಂಗತಿ ತಿಳಿಸಿದಾಗ ಮೇಷ್ಟ್ರು ನನ್ನನ್ನೇ ಅನುಮಾನದಿಂದ ನೋಡಿದರು. ಕೊನೆಗೆ ನಾವೇ ಒಂದು ಭಾನುವಾರ ದೇವಸ್ಥಾನದ ಪಕ್ಕದ ಸಭಾಂಗಣದಲ್ಲಿ ಸಭೆ ಕರೆಯುವುದೆಂದೂ, ಕಟ್ಟುವವರ ಪ್ರತಿನಿಧಿಯನ್ನೂ ಕರೆಸುವುದೆಂದೂ ತೀರ್ಮಾನವಾಯಿತು.

ಸಭೆಯ ಹಿಂದಿನ ದಿನ, ಶನಿವಾರ ಬೆಳಗ್ಗೆ, ರಸ್ತೆಯ ಅಗಲ ಅಳೆಯಲು ಹೊರಟೆವು. ನಮ್ಮ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿರುವ ಸಿವಿಲ್ ಇಂಜಿನಿಯರ್ ಹುಡುಗಿಯ ಉಪಾಯ ಅದು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ನಿವೇಶನದ ಮುಂದಿನ ರಸ್ತೆ ಅಗಲವಾದಷ್ಟೂ ಎಫ್‌ಎಆರ್, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ, ಹೆಚ್ಚುತ್ತದೆ. ಕಾಗದದಲ್ಲಿ ನಮ್ಮ ರಸ್ತೆ ಹನ್ನೆರಡು ಮೀಟರ್. ಅದಕ್ಕಿಂತ ಕಿರಿದೆಂದು ತೋರಿಸಿದರೆ ಅವರ ಲೆಕ್ಕವೇ ಬುಡಮೇಲಾಗುತ್ತದೆ ಎಂದು ಅವಳ ವಾದ.

ಟೇಪಿನ ಒಂದು ತುದಿಯನ್ನು ಹೂವಿನಮ್ಮ ಹಿಡಿದಳು, ಇನ್ನೊಂದನ್ನು ನಾನು. ಅಳೆಯುವುದು ಎಲ್ಲಿಂದ ಎಂಬುದರಲ್ಲೇ ಅರ್ಧ ಗಂಟೆ ಹೋಯಿತು. ಶೆಟ್ಟರು ಚರಂಡಿಯ ಅಂಚಿನಿಂದ ಎಂದರು. ಹುಡುಗಿ ಕಾಂಪೌಂಡಿನಿಂದ ಕಾಂಪೌಂಡಿಗೆ, ಚರಂಡಿ ಮತ್ತು ಫುಟ್‌ಪಾತ್ ಸೇರಿಸಿ ಎಂದಳು. ದೇವಸ್ಥಾನದ ಮುಂದೆ ಹನ್ನೆರಡು ಮೀಟರಿಗೆ ಮೇಲೆಯೇ ಬಂತು. ನಮ್ಮ ಮನೆಯ ಮುಂದೆ 11.4 ಬಂತು. ಎಲ್ಲರಿಗೂ ಸಂತೋಷ. ಆಮೇಲೆ ಹುಡುಗಿ ನಮ್ಮ ಕಾಂಪೌಂಡಿನ ಬುಡದಲ್ಲಿ ಬಗ್ಗಿ, ಹಳೆಯ ಗಡಿಕಲ್ಲಿನ ತಲೆಯನ್ನು ಕಾಲಿನಿಂದ ಮಣ್ಣು ಸರಿಸಿ ತೋರಿಸಿದಳು. ಕಲ್ಲು ನಮ್ಮ ಗೋಡೆಯ ಒಳಗಡೆ, ದಾಸವಾಳದ ಗಿಡದ ಪಕ್ಕದಲ್ಲಿತ್ತು. ಗೋಡೆ ಹೊಸದಾಗಿ ಕಟ್ಟಿಸಿದಾಗ ನಮ್ಮಪ್ಪ ಎರಡಡಿ ಮುಂದೆ ಬಂದಿದ್ದರು. ಎದುರು ಸಾಲಿನವರೂ ಕಡಿಮೆಯವರೇನಲ್ಲ. ರಸ್ತೆ ಕಿರಿದೆಂದು ನಾವು ಸಾಬೀತು ಮಾಡಿದರೆ ಅದನ್ನು ಕಿರಿದು ಮಾಡಿದವರು ಯಾರೆಂಬುದೂ ಸಾಬೀತಾಗುತ್ತಿತ್ತು. ಟೇಪು ಸುತ್ತಿಕೊಂಡಿತು. ಮನವಿಯ ನಾಲ್ಕನೆಯ ಅಂಶದಲ್ಲಿ ನಾನು ಅಳತೆಯನ್ನು ಬಿಟ್ಟು ‘ರಸ್ತೆಯು ವಾಹನದಟ್ಟಣೆಗೆ ಸಾಲದಾಗಿದೆ’ ಎಂದಷ್ಟೇ ಬರೆದೆ.

ಭಾನುವಾರ ಹತ್ತು ಗಂಟೆಗೆ ಸಭಾಂಗಣ ತುಂಬಿತ್ತು. ರಾಮನವಮಿಗೆ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಕಛೇರಿ ಕೇಳಲು ಸೇರುವವರನ್ನು ಬಿಟ್ಟರೆ ನಮ್ಮ ರಸ್ತೆಯ ಇಷ್ಟು ಮಂದಿಯನ್ನು ಒಟ್ಟಿಗೆ ನಾನು ನೋಡಿರಲಿಲ್ಲ. ಪ್ರತಿನಿಧಿಯಾಗಿ ಬಂದ ಯುವಕ ಪರದೆಯ ಮೇಲೆ ಒಂದು ವಿಡಿಯೋ ತೋರಿಸಿದ. ಅದರಲ್ಲಿ ನಮ್ಮ ರಸ್ತೆ ಇತ್ತು, ಆದರೆ ತಲೆಯ ಮೇಲಿನ ಕೇಬಲ್‌ಗಳಿರಲಿಲ್ಲ, ಶೆಟ್ಟರ ಅಂಗಡಿಯ ಮುಂದಿನ ತೆಂಗಿನಕಾಯಿ ರಾಶಿ ಇರಲಿಲ್ಲ, ಒಂದು ನಾಯಿಯೂ ಇರಲಿಲ್ಲ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಕಡೆ ಮನೆಗಳಾಗದೆ ಇನ್ನೆಲ್ಲಿ ಆಗಬೇಕು, ಎಲ್ಲರೂ ಹೊರವಲಯಕ್ಕೆ ಹೋಗಿ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯಬೇಕೇ ಎಂದು ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದಕ್ಕೆ ನಮ್ಮಲ್ಲಿ ಯಾರೂ ನೇರವಾಗಿ ಉತ್ತರಿಸಲಿಲ್ಲ. ನಾವು ನೀರಿನ ಮಾತೆತ್ತಿದೆವು.

ನೀರಿನ ಲೆಕ್ಕ ನಾನೇ ಮಾಡಿದ್ದೆ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ 360 ಮನೆಗಳಿಗೆ 2,43,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ನಲವತ್ತು ಬರಬೇಕು. ಅಂಗಡಿ, ಕಚೇರಿಗಳ ನೀರು ಇದರಲ್ಲಿ ಸೇರಿಲ್ಲ. 2024ರ ಬೇಸಿಗೆಯಲ್ಲಿ ಕಾವೇರಿ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದು ಯಾರಿಗೂ ಮರೆತಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತೆಂದು ಆ ಯುವಕ ಹೇಳಿದ. ಆ ಹಂತವಿರುವುದು ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗೆ ಎಂದು ನಾನು ಹೇಳಿದೆ. ಚಪ್ಪಾಳೆ ಬಿತ್ತು. ಆಗ ಅವನು, ‘ನಾವು ಮಳೆನೀರು ಕೊಯ್ಲು ಮಾಡ್ತೀವಿ ಸರ್, ಇಲ್ಲಿ ಎಷ್ಟು ಮನೆಗಳಲ್ಲಿದೆ?’ ಎಂದು ಕೇಳಿದ. 2009ರಲ್ಲೇ ಅರವತ್ತು ನಲವತ್ತರ ಹಳೆಯ ಮನೆಗಳಿಗೂ ಅದು ಕಡ್ಡಾಯವಾಗಿದೆ. ಮುಂದಿನ ಎರಡು ಸಾಲುಗಳಲ್ಲಿ ಕುಳಿತ ನಮ್ಮಲ್ಲಿ ಹೆಚ್ಚಿನವರು ನೀರಿನ ಬಿಲ್ಲಿನ ಜೊತೆ ತಿಂಗಳು ತಿಂಗಳು ಅದರ ದಂಡ ಕಟ್ಟುವವರು. ನಾನೂ ಕಟ್ಟುತ್ತೇನೆ.

ಒಳಚರಂಡಿಯ ವಿಷಯದಲ್ಲಿ ಮಾತ್ರ ನಮ್ಮ ವಾದ ಗಟ್ಟಿಯಾಗಿತ್ತು. ಚಾಮರಾಜಪೇಟೆ 1892ರ ಬಡಾವಣೆ. ಪ್ಲೇಗಿಗಿಂತ ಆರು ವರ್ಷ ಮೊದಲಿನದು. ಮನೆಗಳ ಬೆನ್ನಿಗೆ ಬೆನ್ನು ಕೊಟ್ಟು ನಡುವೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಹಿಂದೆ ಮಲ ಹೊರುವವರು ಓಡಾಡುತ್ತಿದ್ದರು. ಈಗ ಅದೇ ಗಲ್ಲಿಯಲ್ಲಿ ಒಳಚರಂಡಿಯ ಹಳೆಯ ಪೈಪು ಹೋಗಿದೆ. ಜೋರು ಮಳೆ ಬಂದರೆ ನಮ್ಮ ಹಿತ್ತಿಲ ಬಾಗಿಲ ಬಳಿಯ ಮ್ಯಾನ್‌ಹೋಲಿನ ಮುಚ್ಚಳ ಮೊದಲು ಗುಳುಗುಳು ಅನ್ನುತ್ತದೆ, ಆಮೇಲೆ ಒಂದು ಕಡೆ ಎದ್ದು ನಿಲ್ಲುತ್ತದೆ. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕುವುದು ನನ್ನ ಹೆಂಡತಿಗೆ ಅಭ್ಯಾಸವಾಗಿಬಿಟ್ಟಿದೆ. ಅವಳು ಎದ್ದು ಇದನ್ನು ಇದ್ದ ಹಾಗೆ ಹೇಳಿದಾಗ ಆ ಯುವಕ ಮೊದಲ ಬಾರಿಗೆ ಏನೋ ಬರೆದುಕೊಂಡ. ನಮ್ಮಲ್ಲೇ ಶುದ್ಧೀಕರಣ ಘಟಕ ಇರುತ್ತದೆ ಎಂದ. ಅದು ಕೆಟ್ಟು ನಿಂತ ದಿನ ಎಲ್ಲಿಗೆ ಬಿಡ್ತೀರಪ್ಪ ಎಂದು ಅವಳು ಕೇಳಿದಳು. ನನ್ನ ಏಳು ಅಂಶಗಳಿಗಿಂತ ಆ ಒಂದು ಪ್ರಶ್ನೆ ಮೇಲಾಗಿತ್ತು.

ಎಲ್ಲರೂ ವಿರೋಧಿಗಳೇನೂ ಆಗಿರಲಿಲ್ಲ. ಆಟೋ ಓಡಿಸುವವನೊಬ್ಬ ಹಿಂದಿನಿಂದ, ‘ಬರ್ಲಿ ಬಿಡಿ ಸಾರ್, ಸವಾರಿ ಸಿಗುತ್ತೆ’ ಎಂದ. ಕೆಳಗೆ ಸೂಪರ್‌ಮಾರ್ಕೆಟ್ ಬಂದರೆ ತನ್ನ ಅಂಗಡಿ ಮುಚ್ಚಿತೆಂದು ಒಂದು ವಾರ ನಿದ್ದೆ ಕೆಟ್ಟಿದ್ದ ಶೆಟ್ಟರು, ಮುನ್ನೂರರವತ್ತು ಮನೆಗಳಲ್ಲಿ ಅರ್ಧದಷ್ಟಾದರೂ ಕೊತ್ತಂಬರಿ ಸೊಪ್ಪಿಗೆ ಕೆಳಗಿಳಿದು ಬಂದೇ ಬರುತ್ತಾರೆಂದು ಅಷ್ಟರಲ್ಲಿ ಲೆಕ್ಕ ಬದಲಿಸಿದ್ದರು. ಇಂಜಿನಿಯರ್ ಹುಡುಗಿ ಮಾತ್ರ ಬೆಲೆ ಕೇಳಿದಳು. ಒಂದೂವರೆ ಕೋಟಿಯಿಂದ ಶುರು ಎಂದು ಉತ್ತರ ಬಂದಾಗ ಟೇಪಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ನಾನು ಮನವಿಯನ್ನು ಗಟ್ಟಿಯಾಗಿ ಓದಿದೆ. ಬೆಳಕು, ಗಾಳಿ, ನೀರು, ರಸ್ತೆ, ಒಳಚರಂಡಿ, ಮಿಲ್ಲಿನ ಅಂಗಳದ ಮಳೆಮರಗಳು, ಪಾರ್ಕಿಂಗ್. ವೃಕ್ಷ ಸಂರಕ್ಷಣಾ ಕಾಯ್ದೆ 1976ನ್ನು ಉಲ್ಲೇಖಿಸಿದ್ದೆ; ಗಿಳಿಗಳ ಬಗ್ಗೆಯೂ ಒಂದು ವಾಕ್ಯವಿತ್ತು. ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದ ಹೂವಿನಮ್ಮ, ‘ಸಾರ್, ಇದ್ರಲ್ಲಿ ನಮ್ದು ಎಲ್ಲಿ ಬರ್ದಿದೀರಾ?’ ಎಂದು ಕೇಳಿದಳು.

ಮಿಲ್ಲಿನ ಹಿಂದೆ ಒಂದು ವಠಾರವಿದೆ. ಹನ್ನೊಂದು ಮನೆಗಳು, ನಡುವೆ ಒಂದು ನಲ್ಲಿ, ಮೂಲೆಯಲ್ಲಿ ಎರಡು ಕಕ್ಕಸು. ಹಿಂದೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದವರು, ಈಗ ಅವರ ಮಕ್ಕಳು. ಅವರಿಗೆ ಖಾಲಿ ಮಾಡುವಂತೆ ಎರಡು ತಿಂಗಳ ಹಿಂದೆಯೇ ಹೇಳಲಾಗಿತ್ತು. ಅಡ್ವಾನ್ಸಿನ ಮೇಲೆ ಇನ್ನಿಷ್ಟು ದುಡ್ಡು ಕೊಡುವ ಮಾತೂ ಆಗಿತ್ತು. ಹಿಂದಿನ ದಿನ ಗಂಟೆಗಟ್ಟಲೆ ಟೇಪಿನ ತುದಿ ಹಿಡಿದು ನಿಂತವಳು ನಮ್ಮ ಮನವಿಯಲ್ಲಿ ಇರಲಿಲ್ಲ. ಗಿಳಿಗಳು ಇದ್ದವು.

ಆ ರಾತ್ರಿ ನಾನು ಎಂಟನೆಯ ಅಂಶವನ್ನು ಸೇರಿಸಿದೆ: ಸದರಿ ಜಾಗದಲ್ಲಿ ವಾಸವಿರುವ ಹನ್ನೊಂದು ಕುಟುಂಬಗಳಿಗೆ ಇದೇ ಬಡಾವಣೆಯ ವ್ಯಾಪ್ತಿಯಲ್ಲಿ ಪರ್ಯಾಯ ವಸತಿ ಒದಗಿಸಬೇಕು, ಶಾಲಾ ವರ್ಷ ಮುಗಿಯುವವರೆಗೆ ಯಾರನ್ನೂ ತೆರವುಗೊಳಿಸಬಾರದು. ಮೊದಲ ಪ್ಯಾರಾದಲ್ಲಿ ‘ಈ ಕೆಳಕಂಡ ಏಳು ಅಂಶಗಳನ್ನು’ ಎಂದಿದ್ದನ್ನು ಎಂಟು ಎಂದು ತಿದ್ದಿದೆ. ನನಗೆ ಅದೊಂದು ಒಳ್ಳೆಯ ಟಿಪ್ಪಣಿಯೆಂದು ತೋರಿತ್ತು.

ಮರುದಿನ ಸಮಿತಿಯಲ್ಲಿ ಅದು ನಿಲ್ಲಲಿಲ್ಲ. ಅದು ಮಾಲೀಕರಿಗೂ ಬಾಡಿಗೆದಾರರಿಗೂ ಸೇರಿದ ಖಾಸಗಿ ವಿಷಯ, ಪರಿಸರದ ಮನವಿಯಲ್ಲಿ ಅದು ಬಂದರೆ ನಮ್ಮ ವಾದ ದುರ್ಬಲವಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ನಿಜವಾದ ಕಾರಣ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಮಿತಿಯ ಒಂಬತ್ತು ಜನರಲ್ಲಿ ಆರು ಜನರ ಹಿತ್ತಿಲಲ್ಲಿ ಔಟ್‌ಹೌಸಿದೆ, ಅದರಲ್ಲಿ ಹಳೆಯ ಬಾಡಿಗೆದಾರರಿದ್ದಾರೆ. ಇವತ್ತು ಮಿಲ್ಲಿನವರು ಕೊಡಬೇಕೆಂದು ನಾವು ಬರೆದುಕೊಟ್ಟದ್ದನ್ನು ನಾಳೆ ನಮ್ಮ ಮುಂದೆಯೇ ಹಿಡಿದರೆ? ಮಗ ಅಮೆರಿಕದಿಂದ ವಾಪಸು ಬಂದರೆ ಮೇಲ್ಮಹಡಿ ಖಾಲಿ ಮಾಡಿಸಬೇಕಾಗುತ್ತದೆಂದು ನಾನೂ ಒಮ್ಮೊಮ್ಮೆ ಯೋಚಿಸಿದ್ದುಂಟು. ನಾನು ವಾದಿಸಲಿಲ್ಲ. ಡಿಟಿಪಿ ಅಂಗಡಿಗೆ ಹೋಗಿ ಎಂಟನೆಯದನ್ನು ತೆಗೆಸಿದೆ. ಹೂವಿನಮ್ಮನಿಗೆ ಪ್ರತ್ಯೇಕವಾಗಿ ಒಂದು ಪುಟದ ಅರ್ಜಿ ಬರೆದುಕೊಟ್ಟು, ಮಕ್ಕಳ ಪರೀಕ್ಷೆ ಮುಗಿಯುವವರೆಗಾದರೂ ಅವಕಾಶ ಕೊಡಿ ಎಂದು ಕೇಳಿಸಿದೆ. ಅಷ್ಟನ್ನು ಅವರು ಒಪ್ಪಿದರು. ಏಪ್ರಿಲ್ ಕೊನೆಗೆ ವಠಾರ ಖಾಲಿಯಾಯಿತು. ಈಗ ಅವಳು ಕೆಂಗೇರಿಯ ಆಚೆಯಿಂದ ಮೊದಲ ಬಸ್ಸಿಗೆ ಮಾರ್ಕೆಟ್ಟಿಗೆ ಬಂದು, ಹೂವು ಕೊಂಡು, ಮೊದಲು ಕೂರುತ್ತಿದ್ದ ದೇವಸ್ಥಾನದ ಮೆಟ್ಟಿಲ ಪಕ್ಕದಲ್ಲೇ ಕೂರುತ್ತಾಳೆ. ನಮ್ಮ ಮನೆಗೆ ಮೊಳ ಹಾಕುವಾಗ ಈಗಲೂ ಒಂದು ಗೇಣು ಹೆಚ್ಚೇ ಬಿಡುತ್ತಾಳೆ. ನಾನು ಬೇಡವೆಂದರೆ ಕೇಳುವುದಿಲ್ಲ.

112 ಸಹಿಗಳೊಂದಿಗೆ ಮನವಿಯನ್ನು ಸಲ್ಲಿಸಲು ನಾನೂ ಮೇಷ್ಟ್ರೂ ಹೋದೆವು. ಟಪಾಲು ವಿಭಾಗದಲ್ಲಿದ್ದ ಹೆಣ್ಣುಮಗಳು ಮೊಹರು ಒತ್ತುವ ಮೊದಲು ಮೊದಲ ಪುಟವನ್ನು ಓದಿದಳು. ಈ ಕಾಲದಲ್ಲಿ ಟಪಾಲು ಓದುವವರೂ ಇದ್ದಾರೆಂದು ನಾನು ಮೆಚ್ಚಿಕೊಳ್ಳುತ್ತಿದ್ದಾಗಲೇ ಅವಳು ಪುಟ ತಿರುವಿ, ಬೆರಳಿಟ್ಟು ಎಣಿಸಿ, ‘ಸಾರ್, ಎಂಟು ಅಂಶ ಅಂತ ಬರ್ದಿದೀರಿ, ಇಲ್ಲಿ ಏಳೇ ಇದಾವಲ್ಲ?’ ಎಂದಳು.

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ನಾನು ಜೇಬಿನಿಂದ ಪೆನ್ನು ತೆಗೆದು, ‘ಎಂಟು’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಏಳು’ ಎಂದು ಬರೆದು, ಕಚೇರಿಯಲ್ಲಿ 31 ವರ್ಷ ಮಾಡಿದ ಅಭ್ಯಾಸದಂತೆ ತಿದ್ದುಪಡಿಯ ಪಕ್ಕದಲ್ಲಿ ಕಿರುಸಹಿ ಹಾಕಿದೆ.