ಲ್ಯಾಕ್ಸಿಯ ನೀರುಚಕ್ರ ನೋಡಲು ಹೊರಟವರಿಗೆ

ಐಲ್ ಆಫ್ ಮ್ಯಾನ್ ದ್ವೀಪದ ಲ್ಯಾಕ್ಸಿ ಊರಿನಲ್ಲಿ ಗಣಿಯ ನೀರೆತ್ತಲು ಕಟ್ಟಿದ ಚಕ್ರವನ್ನು ನೋಡುವ ಯೋಚನೆಯಿದ್ದರೆ ಶನಿವಾರವೇ ಹೋಗಿ. ಬೇಸಿಗೆಯಲ್ಲಿ ಚಕ್ರ ಬೇರೆ ದಿನಗಳಲ್ಲೂ ನೋಡಲು ಸಿಗುತ್ತದೆ. ಆದರೆ ಅದೇ ಊರಿನ ಗಣಿಯ ಪುಟಾಣಿ ರೈಲನ್ನು ಸ್ವಯಂಸೇವಕರು ಓಡಿಸುವುದು ಮುಖ್ಯವಾಗಿ ಶನಿವಾರಗಳಂದು. ಎರಡನ್ನೂ ಸೇರಿಸಿ ನೋಡಿದರೇ ಅಲ್ಲಿ ಏನು ನಡೆಯುತ್ತಿತ್ತು ಎಂಬುದು ತಲೆಗೆ ಹತ್ತುವುದು. ಚಕ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮರಳಿದವರು 'ಬಹಳ ದೊಡ್ಡದಾಗಿದೆ' ಎಂಬುದರ ಆಚೆಗೆ ಏನನ್ನೂ ಹೇಳಲಾರರು. ದೊಡ್ಡದೇನೋ ನಿಜ. 72 ಅಡಿ 6 ಅಂಗುಲ ಅಡ್ಡಳತೆ, 6 ಅಡಿ ಅಗಲ.

ಐಲ್ ಆಫ್ ಮ್ಯಾನ್ ಇರುವುದು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ. ಬ್ರಿಟನ್ನಿನ ರಾಜಪೀಠದ ಅಧೀನದಲ್ಲಿದ್ದರೂ ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಅದಕ್ಕೆ ತನ್ನದೇ ಸಂಸತ್ತು, ತನ್ನದೇ ನೋಟುಗಳಿವೆ. ಬ್ರಿಟನ್ನಿನಲ್ಲಿ ನೆಲೆಸಿ, ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವವರು ಅವರ ವೀಸಾ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು, ಪಾಸ್‌ಪೋರ್ಟನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಮೊಬೈಲ್ ವಿಷಯದಲ್ಲೂ ಅಷ್ಟೇ: ಕೆಲವು ಬ್ರಿಟಿಷ್ ಕಂಪನಿಗಳ ಪ್ಲಾನ್ ಅಲ್ಲಿ ಹೊರದೇಶದ ಲೆಕ್ಕಕ್ಕೆ ಬೀಳುತ್ತದೆ. ಹಡಗು ಹತ್ತುವ ಮೊದಲು ಡೇಟಾ ಆಫ್ ಮಾಡಿ, ದರ ವಿಚಾರಿಸಿಕೊಳ್ಳಿ.

ಇಂಗ್ಲೆಂಡಿನ ಹೀಶಮ್ ಬಂದರಿನಿಂದ ದ್ವೀಪದ ರಾಜಧಾನಿ ಡಗ್ಲಾಸ್‌ಗೆ ಹಡಗಿನಲ್ಲಿ ನಾಲ್ಕು ಗಂಟೆಗೆ ತುಸು ಕಡಿಮೆ. ಬೇಸಿಗೆಯಲ್ಲಿ ಲಿವರ್‌ಪೂಲ್‌ನಿಂದ ವೇಗದ ಹಡಗೂ ಇದೆ, ಮೂರು ಗಂಟೆಯೊಳಗೆ ತಲುಪಿಸುತ್ತದೆ. ಗಾಳಿ ಎದ್ದ ದಿನ ಐರಿಶ್ ಸಮುದ್ರ ಹೊಟ್ಟೆಯನ್ನು ಕಲಕದೆ ಬಿಡುವುದಿಲ್ಲ, ವಾಂತಿ ನಿಲ್ಲಿಸುವ ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಹೋಗುವ ಯೋಚನೆಯನ್ನೇ ಮಾಡಬೇಡಿ. ಅದು ಟಿಟಿ ಮೋಟಾರ್‌ಸೈಕಲ್ ರೇಸಿನ ಕಾಲ. ಹಡಗಿನಲ್ಲಿ ಜಾಗ ಸಿಗದು, ಕೋಣೆಯ ಬಾಡಿಗೆ ಆಕಾಶ ಮುಟ್ಟಿರುತ್ತದೆ, ರಸ್ತೆಗಳನ್ನೂ ಗಂಟೆಗಟ್ಟಲೆ ಮುಚ್ಚಿರುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೂ ಬೇಡ, ಚಳಿಗಾಲದಲ್ಲಿ ಚಕ್ರದ ಬಾಗಿಲು ಮುಚ್ಚಿರುತ್ತದೆ.

ಡಗ್ಲಾಸ್‌ನಿಂದ ಲ್ಯಾಕ್ಸಿಗೆ ಬಸ್ಸೂ ಉಂಟು. ಆದರೆ ಟ್ರಾಮ್ ಬಿಟ್ಟು ಬಸ್ ಹತ್ತುವವರಿಗೆ ನನ್ನ ಬಳಿ ಸಲಹೆಯಿಲ್ಲ. ಕಡಲತೀರದ ಉತ್ತರದ ತುದಿಯಲ್ಲಿರುವ ಡರ್ಬಿ ಕ್ಯಾಸಲ್ ನಿಲ್ದಾಣದಿಂದ ಹೊರಡುವ ಈ ವಿದ್ಯುತ್ ಟ್ರಾಮ್ 1893ರಲ್ಲಿ ಶುರುವಾದದ್ದು, ಮರುವರ್ಷ ಲ್ಯಾಕ್ಸಿ ಮುಟ್ಟಿದ್ದು. ಆ ಮೊದಲ ವರ್ಷದ ಎರಡು ಗಾಡಿಗಳು ಇವತ್ತಿಗೂ ಅದೇ ಹಳಿಯ ಮೇಲಿವೆ. ಬಲಗಡೆ ಕುಳಿತರೆ ಸಮುದ್ರ ಕಾಣುತ್ತದೆ. ಸುಮಾರು ಅರ್ಧ ಗಂಟೆಯ ಪಯಣ. ಪಕ್ಕ ತೆರೆದ ಗಾಡಿ ಸಿಕ್ಕಿದರೆ ಆಗಸ್ಟ್‌ನಲ್ಲೂ ಸ್ವೆಟರ್ ಬೇಕು.

ಲ್ಯಾಕ್ಸಿ ನಿಲ್ದಾಣದಿಂದ ಚಕ್ರಕ್ಕೆ ಹತ್ತು ಹದಿನೈದು ನಿಮಿಷದ ಏರುದಾರಿ. ದಾರಿಯಲ್ಲಿ ಸಾಲುಮನೆಗಳ ಒಂದು ಬೀದಿ ಸಿಗುತ್ತದೆ. ಚಕ್ರ ನೋಡಲು ಬರುತ್ತಿದ್ದ ಪ್ರವಾಸಿಗರಿಗೆ ಇಲ್ಲಿಯ ಗಣಿ ಕಾರ್ಮಿಕರ ಮನೆಗಳವರು ಹಂದಿಮಾಂಸ, ಮೊಟ್ಟೆ ಮಾಡಿ ಮಾರುತ್ತಿದ್ದರು. ಅದಕ್ಕೇ ಆ ಸಾಲಿಗೆ ಹ್ಯಾಮ್ ಅಂಡ್ ಎಗ್ ಟೆರೇಸ್ ಎಂಬ ಅಡ್ಡಹೆಸರು ಇಂದಿಗೂ ನಿಂತಿದೆ. ಸಸ್ಯಾಹಾರಿಗಳಿಗೆ ಆಗಲೂ ಏನೂ ಇರಲಿಲ್ಲ, ಈಗಲೂ ಹೆಚ್ಚೇನಿಲ್ಲ. ಆಲೂಗಡ್ಡೆ ಚಿಪ್ಸ್ ಮೇಲೆ ಚೀಸ್ ಉದುರಿಸಿ ಗ್ರೇವಿ ಸುರಿದು ಕೊಡುವುದು ದ್ವೀಪದ ಮೆಚ್ಚಿನ ತಿಂಡಿ, ಆದರೆ ಆ ಗ್ರೇವಿ ಮಾಂಸದ್ದೋ ಅಲ್ಲವೋ ಕೇಳಿಯೇ ತೆಗೆದುಕೊಳ್ಳಿ. ನಾವು ಚಪಾತಿ, ಪಲ್ಯ ಕಟ್ಟಿಕೊಂಡು ಹೋಗಿದ್ದೆವು.

ತಿರುವು ದಾಟುತ್ತಲೇ ಚಕ್ರ ಎದುರು ನಿಲ್ಲುತ್ತದೆ. ಕೆಂಪು ಬಣ್ಣದ ಚಕ್ರ, ಪಕ್ಕದಲ್ಲಿ ಸುಣ್ಣ ಬಳಿದಂತಿರುವ ಬಿಳಿ ಗೋಪುರ, ಗೋಡೆಯ ಮೇಲೆ ದ್ವೀಪದ ಲಾಂಛನವಾದ ಮೂರು ಕಾಲುಗಳು. ನಮ್ಮ ಜೊತೆಗಿದ್ದ ಮಾವನವರು ಚಿಕ್ಕಬಳ್ಳಾಪುರದ ಕಡೆಯ ರೈತರು. ಅವರು ಚಕ್ರವನ್ನು ಒಂದು ಸಲ ನೋಡಿ ನೇರವಾಗಿ ಗೋಪುರದ ಬುಡಕ್ಕೆ ಹೋಗಿ ಸುತ್ತು ಹಾಕಿದರು.

"ಏನು ಹುಡುಕುತ್ತಿದ್ದೀರಿ ಮಾವ?" ಎಂದೆ.

"ಮೋಟಾರು. ನೀರು ಚಕ್ರದ ತಲೆಗೆ ಬೀಳುತ್ತಿದೆಯಲ್ಲಮ್ಮ, ಅಷ್ಟೆತ್ತರಕ್ಕೆ ಅದನ್ನು ಏರಿಸುವವರು ಯಾರು?"

ಕೇಳಬೇಕಾದ ಪ್ರಶ್ನೆಯೇ ಅದು. ಮೋಟಾರು ಇಲ್ಲ. ಸುತ್ತಲಿನ ಬೆಟ್ಟಗಳ ತೊರೆಗಳ ನೀರನ್ನು ಕಾಲುವೆಗಳಲ್ಲಿ ತಂದು, ಚಕ್ರದ ನೆತ್ತಿಗಿಂತ ಎತ್ತರದ ಒಂದು ತೊಟ್ಟಿಯಲ್ಲಿ ನಿಲ್ಲಿಸಿದ್ದಾರೆ. ಅಲ್ಲಿಂದ ಕೊಳವೆಯಲ್ಲಿ ಕೆಳಗಿಳಿದ ನೀರು ತನ್ನದೇ ಒತ್ತಡದಿಂದ ಗೋಪುರದೊಳಗೆ ಮೇಲೇರಿ ಚಕ್ರದ ಮೇಲಿನ ತೊಟ್ಟಿಲುಗಳಿಗೆ ಬೀಳುತ್ತದೆ. ಅಂಥ ಮರದ ತೊಟ್ಟಿಲುಗಳು 168. ನೀರು ಬೀಳುವುದು ನೆತ್ತಿಗಿಂತ ತುಸು ಹಿಂದೆ. ಹಾಗಾಗಿ ಚಕ್ರ ನೀರು ಹರಿದುಬಂದ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ತಿರುಗುತ್ತದೆ. ಹತ್ತಿರ ನಿಂತು ಒಂದೇ ತೊಟ್ಟಿಲನ್ನು ಕಣ್ಣಿನಲ್ಲಿ ಹಿಡಿದು ನೋಡಿ: ತುಂಬುತ್ತದೆ, ಭಾರಕ್ಕೆ ಇಳಿಯುತ್ತದೆ, ಕೆಳಗೆ ಖಾಲಿಯಾಗಿ ಅಂಚಿನಿಂದ ನೀರು ತೊಟ್ಟಿಕ್ಕಿಸುತ್ತಾ ಮತ್ತೆ ಮೇಲಕ್ಕೆ ಹೊರಡುತ್ತದೆ. ಇಷ್ಟು ದೊಡ್ಡ ಯಂತ್ರದಿಂದ ಬರುವ ಸದ್ದು ನೀರಿನದು ಮಾತ್ರ.

ಗ್ರೇಟ್ ಲ್ಯಾಕ್ಸಿ ಗಣಿಯಿಂದ ಸೀಸ, ಸತು, ತಾಮ್ರ, ಒಂದಿಷ್ಟು ಬೆಳ್ಳಿ ತೆಗೆಯುತ್ತಿದ್ದರು. ಆಳಕ್ಕೆ ಹೋದಂತೆ ಸುರಂಗಗಳಲ್ಲಿ ನೀರು ತುಂಬತೊಡಗಿತು. ಬೇರೆ ಕಡೆಯಾಗಿದ್ದರೆ ಉಗಿ ಎಂಜಿನ್ ಕೂರಿಸುತ್ತಿದ್ದರು. ಈ ದ್ವೀಪದಲ್ಲಿ ಕಲ್ಲಿದ್ದಲು ಇಲ್ಲ, ಹಡಗಿನಲ್ಲಿ ತರಿಸಿದರೆ ದುಬಾರಿ. ಮಳೆಗೆ ಮಾತ್ರ ಬರವಿರಲಿಲ್ಲ. ದ್ವೀಪದವನೇ ಆದ ರಾಬರ್ಟ್ ಕೇಸ್‌ಮೆಂಟ್ ಎಂಬ ಎಂಜಿನಿಯರ್ ನೀರಿನಿಂದಲೇ ನೀರೆತ್ತುವ ಈ ಯಂತ್ರದ ನಕ್ಷೆ ಬರೆದ. 1854ರ ಸೆಪ್ಟೆಂಬರ್ 27ರಂದು ಚಕ್ರ ತಿರುಗಿತು. ಆಗಿನ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಹೋಪ್ ಅವರ ಪತ್ನಿಯ ಹೆಸರನ್ನೇ ಇಟ್ಟು 'ಲೇಡಿ ಇಸಬೆಲ್ಲಾ' ಎಂದು ಕರೆದರು.

ಗೋಪುರವನ್ನು ಸುತ್ತಿಕೊಂಡು ಏರುವ ಕಿರಿದಾದ ಮೆಟ್ಟಿಲುಗಳು 95. ಮಂಡಿ ನೋವಿನವರು, ಎತ್ತರಕ್ಕೆ ತಲೆ ತಿರುಗುವವರು ಏರಬೇಕಿಲ್ಲ. ನಮ್ಮ ಅತ್ತೆಯವರು ಕೆಳಗೇ ಬೆಂಚಿನಲ್ಲಿ ಕುಳಿತರು, ಏನನ್ನೂ ಕಳೆದುಕೊಳ್ಳಲಿಲ್ಲ. ಮೇಲಿನಿಂದ ಕಣಿವೆ ಚೆನ್ನಾಗಿ ಕಾಣುತ್ತದೆ ನಿಜ, ಟೋಪಿ ಹಾರಿಸುವ ಗಾಳಿಯೂ ಇರುತ್ತದೆ.

ಹೆಚ್ಚಿನವರು ಇಲ್ಲಿಂದಲೇ ಹಿಂದಿರುಗುತ್ತಾರೆ. ನನ್ನ ಮುಖ್ಯ ಸಲಹೆ ಇರುವುದೇ ಇಲ್ಲಿ: ಚಕ್ರಕ್ಕೆ ಬೆನ್ನು ಹಾಕಿ, ಅದರಿಂದ ಹೊರಟ ತೊಲೆಯನ್ನು ಹಿಂಬಾಲಿಸಿ. ಚಕ್ರದ ಅಚ್ಚಿಗೆ ಜೋಡಿಸಿದ ವಕ್ರದಂಡ ಸುತ್ತುವ ಚಲನೆಯನ್ನು ಹಿಂದೆ ಮುಂದೆ ಎಳೆಯುವ ಚಲನೆಯಾಗಿ ಬದಲಿಸುತ್ತದೆ. ಅದಕ್ಕೆ ಬಿಗಿದ ಉದ್ದನೆಯ ತೊಲೆ ಕಲ್ಲಿನ ಕಮಾನುಗಳ ಸೇತುವೆಯ ಮೇಲೆ, ಸಣ್ಣ ಗಾಲಿಗಳ ಆಸರೆಯಲ್ಲಿ, ಗುಡ್ಡದ ಕಡೆಗೆ ಸುಮಾರು 200 ಮೀಟರ್ ಸಾಗುತ್ತದೆ. ಅದರ ತುದಿಯಲ್ಲಿ, ಗಣಿಯ ಬಾಯಿಯ ಮೇಲೆ, ಇಂಗ್ಲಿಷ್ ಟಿ ಅಕ್ಷರದ ಆಕಾರದ ಒಂದು ತೂಗುತೊಲೆ ಆ ಎಳೆತವನ್ನು ಮೇಲೆ ಕೆಳಗಿನ ಎಳೆತವಾಗಿ ಮಾಡಿ ಆಳದ ಪಂಪುಗಳಿಗೆ ಒಪ್ಪಿಸುತ್ತಿತ್ತು. ಹೀಗೆ ಸುಮಾರು 1,500 ಅಡಿ ಆಳದಿಂದ ನಿಮಿಷಕ್ಕೆ 250 ಗ್ಯಾಲನ್, ಎಂದರೆ ಸಾವಿರದ ನೂರು ಲೀಟರಿಗೂ ಮೇಲೆ ನೀರು ಬರುತ್ತಿತ್ತು. ಈ ಲೆಕ್ಕ ಕೇಳಿ ಮಾವನವರು ಸುಮ್ಮನೆ ನಿಂತುಬಿಟ್ಟರು. ಅವರ ತೋಟದ ಕೊನೆಯ ಕೊಳವೆಬಾವಿಯ ಆಳವೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಬರುವುದು ಬೆರಳು ಗಾತ್ರದ ನೀರು, ಅದೂ ಕರೆಂಟು ಇದ್ದಾಗ.

ಆ ಹಾದಿಯಲ್ಲಿ ಗಣಿಯ ಸುರಂಗದೊಳಗೆ ಸ್ವಲ್ಪ ದೂರ ಹೋಗಲು ಬಿಡುತ್ತಾರೆ, ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಕಾಲಡಿ ಒದ್ದೆ, ಸೀರೆ ಉಟ್ಟವರು ನೆರಿಗೆ ಎತ್ತಿಕೊಳ್ಳಬೇಕು, ಚಪ್ಪಲಿ ನಡೆಯದು, ಶೂ ಬೇಕು. ಭರಾಟೆಯ ಕಾಲದಲ್ಲಿ ಆರುನೂರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಗಣಿ ಇದು. 1881ರಲ್ಲಿ ಆಳುಗಳನ್ನು ಇಳಿಸಿ ಏರಿಸುವ ಯಂತ್ರ ಬರುವ ಮೊದಲು ಕೆಲಸ ಮುಗಿದ ಮೇಲೆ ಏಣಿ ಹತ್ತಿಯೇ ಮೇಲೆ ಬರಬೇಕಿತ್ತು. 1929ರಲ್ಲಿ ಗಣಿ ಮುಚ್ಚಿತು. ಚಕ್ರ ಗುಜರಿಗೆ ಹೋಗದೆ ಉಳಿದದ್ದು ಲ್ಯಾಕ್ಸಿಯ ಕಟ್ಟಡ ಗುತ್ತಿಗೆದಾರ ಎಡ್ವಿನ್ ನೀನ್ ಅವರಿಂದ. ತಮ್ಮ ಹಣ ಹಾಕಿ ಕೊಂಡು ದುರಸ್ತಿ ಮಾಡಿಸಿದರು. 1965ರಲ್ಲಿ ದ್ವೀಪದ ಸರ್ಕಾರ ಅದನ್ನು ವಹಿಸಿಕೊಂಡಿತು. ಇತ್ತೀಚಿನ ದೊಡ್ಡ ದುರಸ್ತಿಯ ನಂತರ 2022ರ ಸೆಪ್ಟೆಂಬರ್‌ನಲ್ಲಿ ಚಕ್ರ ಮತ್ತೆ ತಿರುಗತೊಡಗಿತು.

ಗಣಿಯ ರೈಲು ಹೊರಡುವುದು ಕೆಳಗಿನ ವ್ಯಾಲಿ ಗಾರ್ಡನ್ಸ್‌ನಿಂದ. ಅದಿರು ತೊಳೆಯುತ್ತಿದ್ದ ಅಂಗಳವೇ ಈಗ ಉದ್ಯಾನವಾಗಿದೆ. ಹಳಿಗಳ ನಡುವಿನ ಅಂತರ 19 ಅಂಗುಲ ಮಾತ್ರ. ಆ್ಯಂಟ್, ಬೀ ಎಂಬ ಎರಡು ಉಗಿ ಎಂಜಿನ್‌ಗಳು ಹಳೆಯವುಗಳ ಪ್ರತಿರೂಪ. ಪೆಟ್ಟಿಗೆಯಂಥ ಗಾಡಿಯಲ್ಲಿ ಮೊಣಕಾಲು ಮಡಚಿ ಕೂರಬೇಕು. ರಸ್ತೆಯಡಿಯ ಸುರಂಗ ದಾಟಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಇನ್ನೊಮ್ಮೆ ಎನ್ನುತ್ತಾರೆ. ಅಲ್ಲೇ ಪಕ್ಕದಲ್ಲಿ ಸುಮಾರು 50 ಅಡಿಯ ಇನ್ನೊಂದು ಚಕ್ರವಿದೆ, ಲೇಡಿ ಈವ್ಲಿನ್. ಅದನ್ನು ನೋಡಲು ಟಿಕೆಟ್ ಬೇಡ.

ಸಮಯ ಉಳಿದರೆ ಲ್ಯಾಕ್ಸಿಯಿಂದಲೇ ಹೊರಡುವ ಬೆಟ್ಟದ ರೈಲಿನಲ್ಲಿ 2,036 ಅಡಿ ಎತ್ತರದ ಸ್ನೇಫೆಲ್ ಶಿಖರಕ್ಕೆ ಹೋಗಬಹುದು. ಆದರೆ ಟಿಕೆಟ್ ಕೊಳ್ಳುವ ಮೊದಲು ತಲೆಯೆತ್ತಿ ಶಿಖರ ಕಾಣುತ್ತದೆಯೇ ನೋಡಿ. ಮಂಜು ಮುಸುಕಿದ್ದರೆ ಮೇಲೆ ನಿಮಗೆ ಕಾಣುವುದು ಪಕ್ಕದವರ ಜಾಕೆಟ್ ಮಾತ್ರ, ಆ ದುಡ್ಡಿಗೆ ಕೆಳಗೆ ಚಹಾ ಕುಡಿಯಬಹುದು. ಮರಳುವ ಕೊನೆಯ ಟ್ರಾಮ್ ಎಷ್ಟು ಹೊತ್ತಿಗೆ ಎಂಬುದನ್ನು ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಳ್ಳಿ, ಋತುವಿಗೆ ತಕ್ಕಂತೆ ಅದು ಬದಲಾಗುತ್ತದೆ.

ಮರಳುವ ಹಡಗು ಹತ್ತುವ ಮೊದಲು ಜೇಬು ಒಮ್ಮೆ ನೋಡಿಕೊಳ್ಳಿ. ಬ್ರಿಟಿಷ್ ಪೌಂಡ್ ದ್ವೀಪದಲ್ಲಿ ಸಲೀಸಾಗಿ ನಡೆಯುತ್ತದೆ, ದ್ವೀಪದ ನೋಟನ್ನು ಮಾತ್ರ ಇಂಗ್ಲೆಂಡಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೆನಪಿಗೆಂದು ಒಂದನ್ನು ಉಳಿಸಿಕೊಳ್ಳುವ ಆಸೆಯಿದ್ದರೆ ಅಲ್ಲಿ 1 ಪೌಂಡಿನ ನೋಟು ಇನ್ನೂ ಚಲಾವಣೆಯಲ್ಲಿದೆ. ಚಕ್ರದ ಚಿತ್ರವೇ ಬೇಕೆಂದು ಹಟ ಹಿಡಿದರೆ ಅದಿರುವುದು 20 ಪೌಂಡಿನ ನೋಟಿನ ಮೇಲೆ.