ಕೊಕ್ಕರೆಯ ಕಾಲಲ್ಲಿ ನೀರು

ಹೋದ ವಾರ ಚಿತ್ರದುರ್ಗದಿಂದ ಫೋನ್ ಬಂತು. "ಸಾರ್, ನಿಮ್ಮ ಕೊಕ್ಕರೆ ಕಾಲಿಂದ ಕಂದು ನೀರು ಸೋರ್ತಿದೆ. ಕೆಳಗಿನ ಗ್ರಾನೈಟೆಲ್ಲಾ ಕಲೆ."

ಎರಡು ವರ್ಷದ ಹಿಂದೆ ದಾವಣಗೆರೆಯ ಒಂದು ಪ್ರದರ್ಶನದಲ್ಲಿ ಅವರು ಕೊಂಡ, ನಾನು ವೆಲ್ಡಿಂಗ್ ಮಾಡಿ ಕಟ್ಟಿದ ಕಬ್ಬಿಣದ ಕೊಕ್ಕರೆ ಶಿಲ್ಪ ಅದು. 9 ಅಡಿ ಎತ್ತರ, ಎಂ.ಎಸ್. (ಸಾದಾ ಉಕ್ಕಿನ) ಪೈಪಿನ ಕಾಲು, ಗುಜರಿಯಲ್ಲಿ ಆರಿಸಿದ ಟ್ರ್ಯಾಕ್ಟರ್ ಡಿಸ್ಕು, ಬೈಕ್ ಚೈನುಗಳ ರೆಕ್ಕೆ. ಅವತ್ತು "ಗುಜರಿಗೆ ಇಷ್ಟು ರೇಟಾ?" ಅಂತ ಕೇಳಿ ಹೋದವರೇ ಜಾಸ್ತಿ. ಇವರೊಬ್ಬರು ಚೌಕಾಸಿ ಮಾಡದೆ ಅಡ್ವಾನ್ಸ್ ಕೊಟ್ಟಿದ್ದರು. ಅದಕ್ಕೇ ಆ ಫೋನ್ ತುಂಬ ಚುಚ್ಚಿತು.

ಬೆಳಿಗ್ಗೆಯೇ ಕೆಲಸದ ಹುಡುಗನನ್ನೂ ವೆಲ್ಡಿಂಗ್ ಮಿಷನ್ನನ್ನೂ ಕರೆದುಕೊಂಡು ಹೊರಟೆ. ಬೇಸ್ ಪ್ಲೇಟಿನ ಹತ್ತಿರ ಸೂಜಿ ಮೊನೆಯಷ್ಟು ತೂತು ಇತ್ತು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಒಂದು ಬೀಡ್ (ವೆಲ್ಡಿಂಗ್ ಗೆರೆ) ಹಾಕಿ ಬಣ್ಣ ಬಳಿದರೆ ಹತ್ತು ನಿಮಿಷದ ಕೆಲಸ, ಬೇಗ ಮುಗಿಸಿ ಮರ್ಯಾದೆ ಉಳಿಸಿಕೊಳ್ಳೋಣ ಅನ್ನಿಸಿತು. ಅರ್ಥಿಂಗ್ ಕಟ್ಟಿದೆ. ರಾಡ್ ಸಿಕ್ಕಿಸಿದೆ. ಹೆಲ್ಮೆಟ್ ಅರ್ಧ ಇಳಿಸಿದ್ದೆ.

"ಅಣ್ಣಾ, ತಡೀರಿ."

ಹುಡುಗ ಚಿಪ್ಪಿಂಗ್ ಹ್ಯಾಮರಿನಿಂದ ಕಾಲನ್ನು ಮೇಲಿಂದ ಬಡಿಯುತ್ತಾ ಬಂದ. ಮೇಲೆ ಟಣ್, ಟಣ್. ಮೊಣಕಾಲಿನ ಕೆಳಗೆ ಬಂದ ಕೂಡಲೇ ಡಬ್. ಮತ್ತೆ ಬಡಿದ. ಡಬ್. ನನ್ನ ಕೈ ಅಲ್ಲೇ ನಿಂತಿತು. ಒಳಗೆ ನೀರಿದೆ. ವೆಲ್ಡಿಂಗ್ ಬಿಸಿಗೆ ನೀರು ಆವಿಯಾದರೆ ಅದಕ್ಕೆ ಸುಮಾರು 1600 ಪಟ್ಟು ಜಾಗ ಬೇಕು, ಮುಚ್ಚಿದ ಪೈಪಿನೊಳಗೆ ಅಷ್ಟು ಜಾಗ ಇಲ್ಲ. ಸೂಜಿ ಮೊನೆಯ ತೂತಿನಿಂದ ಅದೆಲ್ಲ ಹೊರಗೆ ಬರುವುದಿಲ್ಲ. ಪೈಪು ಸೀಳುವುದು ನನ್ನ ಮುಖದ ಎದುರಿಗೇ. ಪಕ್ಕದಲ್ಲಿ ಅವರ ಮಗು ನಿಂತಿತ್ತು.

ಎಲ್ಲರನ್ನೂ ದೂರ ಕಳಿಸಿ, ಬ್ಯಾಟರಿ ಡ್ರಿಲ್ ತಂದು, ಬುಡದಲ್ಲಿ 6 ಎಂ.ಎಂ. ಹೋಲ್ ಹಾಕಿದೆ. ಕಂದು ನೀರು ಬಾಣದಂತೆ ಚಿಮ್ಮಿ ನನ್ನ ಶೂ ಮೇಲೆ ಬಿತ್ತು. ಜೊತೆಗೆ ಟೀ ಪುಡಿಯಂಥ ತುಕ್ಕಿನ ಪುಡಿ. 60 ಎಂ.ಎಂ. ಪೈಪು, ಎರಡಡಿ ತುಂಬಿದ್ದರೂ ಹತ್ತಿರ ಹತ್ತಿರ ಒಂದೂವರೆ ಲೀಟರ್. ಬಕೆಟ್‌ನಲ್ಲಿ ಹಿಡಿದಾಗ ಅಷ್ಟೇ ಇತ್ತು.

ತಪ್ಪು ನನ್ನದೇ. ವೆಲ್ಡಿಂಗ್ ಗುರುತು ಕಾಣಬಾರದು, ನುಣ್ಣಗಿರಬೇಕು ಅಂತ ಪ್ರದರ್ಶನದವರು ಒತ್ತಾಯಿಸಿದ್ದು ನಿಜ. ಸಾಗಣೆ, ಕ್ರೇನ್ ಎಲ್ಲ ನಮ್ಮ ತಲೆ ಮೇಲೆ ಹಾಕಿ ಫಿನಿಶಿಂಗ್ ಬಗ್ಗೆ ಮಾತ್ರ ಪಾಠ ಹೇಳುತ್ತಾರೆ. ಆದರೆ ಬೀಡ್ ಪೂರ್ತಿ ಗ್ರೈಂಡ್ ಮಾಡಿದ್ದು ನಾನು. ಗ್ರೈಂಡ್ ಮಾಡಿದಾಗ ಅದೇ ಸೂಜಿ ತೂತು, ಅಂದರೆ ಪಿನ್‌ಹೋಲ್ ಬಾಯಿ ಬಿಟ್ಟಿದ್ದು ಕಂಡಿತ್ತು. ಅದರ ಮೇಲೆ ಪುಟ್ಟಿ ಮೆತ್ತಿದ್ದೂ ನಾನೇ. ನೀರು ಹೊರಹೋಗಲು ಡ್ರೈನ್ ಹೋಲ್ ಹಾಕಿದರೆ ಕಾಲಿನ ಅಂದ ಕೆಡುತ್ತೆ ಅಂತ ಬಿಟ್ಟಿದ್ದೆ. ಪುಟ್ಟಿ ಬಿಸಿಲಿಗೆ ಬಿರುಕು ಬಿಡುತ್ತದೆ. ಹಗಲು ಕಾದ ಪೈಪು ಗಾಳಿ ಹೊರಗೆ ಬಿಡುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವವನ್ನು ಒಳಗೆಳೆಯುತ್ತದೆ. ಮಳೆ ಬಂದರೆ ನೇರ ನೀರನ್ನೇ. ಹೊರಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಪೇಂಟ್ ಬಳಿದಿದ್ದೆ. ಒಳಗೆ ಏನೂ ಇರಲಿಲ್ಲ.

ಅದೇ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುತ್ತದೆ. ಕಟ್ಟಿದವರು ನೀರು ಹೋಗುವ ದಾರಿ ಮೊದಲೇ ಯೋಚಿಸಿದ್ದರು. ಎಷ್ಟು ಸಲ ಹತ್ತಿ ನೋಡಿದ್ದೇನೆ!

ಕಾಲಿನ ಕೆಳಭಾಗ ಕತ್ತರಿಸಿ ಹೊಸ ಪೈಪು ಕೂರಿಸಿದೆವು. ದುಡ್ಡು ತೆಗೆದುಕೊಳ್ಳಲಿಲ್ಲ. ಹೊಸ ಪೈಪಿನ ಬುಡದಲ್ಲೂ ಹೋಲ್ ಹಾಕಿ ಹಾಗೇ ಬಿಟ್ಟಿದ್ದು ನೋಡಿ ಯಜಮಾನರು "ಇದನ್ನ ಮುಚ್ಚಲ್ವಾ?" ಅಂದರು. ಮುಚ್ಚಬೇಡಿ, ಮಳೆಗಾಲ ಮುಗಿದ ಮೇಲೆ ಒಂದು ಕಡ್ಡಿ ಹಾಕಿ ಕ್ಲೀನ್ ಮಾಡಿ ಅಂದೆ.

ಅದೇ ಸೆಟ್ಟಿನಲ್ಲಿ ಇನ್ನೂ ಎರಡು ಕೊಕ್ಕರೆ ಮಾರಿದ್ದೇನೆ. ಒಬ್ಬರಿಗೆ ಫೋನ್ ಮಾಡಿದೆ, ನಾಳೆ ಬನ್ನಿ ಅಂದರು. ಇನ್ನೊಬ್ಬರು ಮನೆ ಮಾರಿ ಹೋಗಿದ್ದಾರೆ. ಹೊಸಬರ ಗೇಟ್ ತಟ್ಟಿ ವಿಷಯ ಹೇಳಬೇಕು. ಡ್ರಿಲ್ ಚಾರ್ಜಿಗೆ ಹಾಕಿದ್ದೇನೆ.